ಹೊಸ ಡೀಸೆಲ್ ಎಂಜಿನ್ನನ್ನು ಪಳಗಿಸುವ ಬಗೆ

ಹೊಸದಾಗಿ ಕಟೆದ ರುಬ್ಬುವ ಕಲ್ಲಿನಲ್ಲಿ ಮೊದಲ ದಿನವೇ ಯಾರೂ ಅಡಿಗೆಗೆ ರುಬ್ಬುವುದಿಲ್ಲ. ತೌಡು ಹಾಕಿ ತಿರುವಿ, ಕಲ್ಲೂ ಗುಂಡೂ ಒಂದಕ್ಕೊಂದು ಹೊಂದಿಕೊಂಡ ಮೇಲೆಯೇ ಅದು ಬಳಕೆಗೆ ಯೋಗ್ಯವಾಗುತ್ತದೆ. ಹೊಸ ಟ್ರ್ಯಾಕ್ಟರಿನ ಎಂಜಿನ್ನಿಗೂ ಇಂಥ ಪೂರ್ವಸಂಸ್ಕಾರವೊಂದುಂಟು. ಆ ಅವಧಿಯಲ್ಲಿ ಸಾಧಾರಣ ಖನಿಜ ತೈಲವನ್ನೇ ಬಳಸಬೇಕು, ಬೆಲೆಯುಳ್ಳ ಸಂಶ್ಲೇಷಿತ ತೈಲವನ್ನು ಅನಂತರವೇ ಹಾಕಬೇಕು ಎಂಬ ಮಾತು ರೂಢಿಯಲ್ಲಿದೆ. ಉತ್ತಮವಾದ ಎಣ್ಣೆ ಆರಂಭದಲ್ಲೇಕೆ ಬೇಡ? ಇದರ ಹಿಂದಿರುವ ಭೌತತತ್ತ್ವವನ್ನು ವಿಚಾರಿಸೋಣ.

ಡೀಸೆಲ್ ಎಂಜಿನ್ನಿನಲ್ಲಿ ಇಂಧನವನ್ನು ಹೊತ್ತಿಸಲು ಕಿಡಿಯಿಲ್ಲ. ಅದುಮಲ್ಪಟ್ಟ ಗಾಳಿಯ ಬಿಸಿಯೇ ಆ ಕೆಲಸವನ್ನು ಮಾಡಬೇಕು. 300 ಕೆಲ್ವಿನ್ ಉಷ್ಣತೆಯ ಗಾಳಿಯನ್ನು, ಶಾಖವು ಹೊರಹೋಗದಂತೆ, ಅದರ ಗಾತ್ರದ 17 ರಲ್ಲಿ ಒಂದು ಪಾಲಿಗೆ ಕುಗ್ಗಿಸಿದೆವೆಂದು ಭಾವಿಸೋಣ. 300 ನ್ನು 17 ರ 0.4 ನೆಯ ಘಾತದಿಂದ ಗುಣಿಸಿದರೆ ಉಷ್ಣತೆ ಸುಮಾರು 930 ಕೆಲ್ವಿನ್ ಆಗುತ್ತದೆ. ಒತ್ತಡವು 17 ರ 1.4 ನೆಯ ಘಾತ, ಅಂದರೆ ಸುಮಾರು 53 ಪಟ್ಟು ಏರುತ್ತದೆ. ಸಿಲಿಂಡರಿನ ಗೋಡೆ ಶಾಖವನ್ನು ಹೀರುವುದರಿಂದ ನಿಜವಾದ ಬೆಲೆಗಳು ಇದಕ್ಕಿಂತ ಕಡಿಮೆ. ಇಂಥ ಅನಿಲವು ಪಿಸ್ಟನ್ನಿನ ಪಕ್ಕದಿಂದ ನುಸುಳಿದರೆ ಶಕ್ತಿ ನಷ್ಟವಾಗುತ್ತದೆ, ಎಂಜಿನ್ನು ಸುಲಭವಾಗಿ ಹೊತ್ತಿಕೊಳ್ಳದು. ಇದನ್ನು ತಡೆಯುವ ಕಾವಲುಗಾರನೇ ಪಿಸ್ಟನ್ ರಿಂಗು.

ಸಿಲಿಂಡರಿನ ಒಳಮೈ ಕನ್ನಡಿಯಂತೆ ನುಣುಪಾಗಿರುವುದಿಲ್ಲ. ಕಾರ್ಖಾನೆಯಲ್ಲಿ ಸಾಣೆಕಲ್ಲುಗಳಿಂದ ಅದರ ಮೇಲೆ ಒಂದನ್ನೊಂದು ಕತ್ತರಿಸುವ ಸೂಕ್ಷ್ಮ ಗೀರುಗಳನ್ನು ಬೇಕೆಂದೇ ಮೂಡಿಸಿರುತ್ತಾರೆ. ಗೀರುಗಳು ಎಣ್ಣೆಯನ್ನು ಹಿಡಿದಿಡುತ್ತವೆ. ಅವುಗಳ ನಡುವಣ ದಿಣ್ಣೆಗಳ ತುದಿಗಳು ರಿಂಗಿನೊಡನೆ ಉಜ್ಜಿ ಸವೆದು, ಎರಡು ಮೈಗಳೂ ಹೊಂದಿಕೊಳ್ಳುತ್ತವೆ.

ಈ ಉಜ್ಜುವಿಕೆ ಎಲ್ಲೆಡೆಯೂ ಒಂದೇ ಸಮನಾಗಿಲ್ಲ. ಎಣ್ಣೆಯ ಪೊರೆಯ ದಪ್ಪ ವೇಗ, ಸ್ನಿಗ್ಧತೆ, ಹೊರೆ ಇವುಗಳನ್ನು ಅವಲಂಬಿಸಿದೆ. ಇವುಗಳಿಗೂ ಘರ್ಷಣೆಗೂ ಇರುವ ಸಂಬಂಧವನ್ನು ಜರ್ಮನಿಯ ರಿಚರ್ಡ್ ಸ್ಟ್ರೈಬೆಕ್ 1902 ರಲ್ಲಿ ಪ್ರಕಟಿಸಿದ ಪ್ರಯೋಗಗಳು ವಿಶದಪಡಿಸಿದವು. ಪಿಸ್ಟನ್ ನಡುದಾರಿಯಲ್ಲಿ ವೇಗವಾಗಿ ಸಾಗುವಾಗ ರಿಂಗು ಎಣ್ಣೆಯ ಮೇಲೆ ತೇಲುತ್ತದೆ. ತುದಿಗಳಲ್ಲಿ ಅದು ಕ್ಷಣಕಾಲ ನಿಲ್ಲುವುದರಿಂದ ಪೊರೆ ತೆಳುವಾಗಿ ಲೋಹಗಳು ಸೋಕುತ್ತವೆ. ರಿಂಗಿನ ಹಿಂದೆ ಸೇರುವ ಅನಿಲದ ಒತ್ತಡವೇ ಅದನ್ನು ಗೋಡೆಗೆ ಬಲವಾಗಿ ಒತ್ತುತ್ತದೆ.

ಆದ್ದರಿಂದ, ಹೊಸದೆಂಬ ಅಕ್ಕರೆಯಿಂದ ಎಂಜಿನ್ನನ್ನು ಹೊರೆಯಿಲ್ಲದೆ ಗಂಟೆಗಟ್ಟಲೆ ಓಡಿಸುವುದು ಹಿತವಲ್ಲ. ಒತ್ತಡ ಸಾಲದೆ ರಿಂಗು ಹೊಂದಿಕೊಳ್ಳದು. ಗೋಡೆಯ ಮೇಲೆ ಉಳಿದ ಎಣ್ಣೆ ಬೆಂದು ಗೀರುಗಳಲ್ಲಿ ಗಟ್ಟಿಯಾದ ಮೆರುಗಾಗಿ ಕೂರುತ್ತದೆ. ಆ ಬಳಿಕ ಎಂಜಿನ್ನು ಎಣ್ಣೆ ಕುಡಿಯತೊಡಗುತ್ತದೆ. ಹಾಗೆಂದು ಮೊದಲ ದಿನವೇ ಇಡೀ ದಿನ ಆಳವಾದ ಉಳುಮೆಗೆ ಹೂಡಿದರೆ, ಸೋಕುವ ತಾಣಗಳು ಅತಿಯಾಗಿ ಕಾದು ರಿಂಗೂ ಗೋಡೆಯೂ ಕೆರೆದುಹೋಗಬಹುದು. ಎಳೆಯ ಹೋರಿಯನ್ನು ನೊಗಕ್ಕೆ ಪಳಗಿಸುವ ರೈತನು ಅದನ್ನು ಕೊಟ್ಟಿಗೆಯಲ್ಲೂ ಕಟ್ಟಿಹಾಕುವುದಿಲ್ಲ, ತುಂಬಿದ ಗಾಡಿಗೂ ಕಟ್ಟುವುದಿಲ್ಲ. ಇಲ್ಲಿಯೂ ಮಧ್ಯಮ ಹೊರೆ, ಬದಲಾಗುತ್ತಿರುವ ವೇಗ ಇವೇ ಯುಕ್ತ.

ಇನ್ನು ಎಣ್ಣೆಯ ಪ್ರಶ್ನೆ. ಸಂಶ್ಲೇಷಿತ ತೈಲ ಹೆಚ್ಚು ಜಾರುವುದರಿಂದ ಅಗತ್ಯವಾದ ಸವೆತವೂ ನಿಲ್ಲುವುದೆಂಬುದು ಹಳೆಯ ವಾದ. ಆದರೆ ಒಂದೇ ದರ್ಜೆಯ ಎರಡು ಬಗೆಯ ಎಣ್ಣೆಗಳ ಸ್ನಿಗ್ಧತೆ 100° ಸೆಂಟಿಗ್ರೇಡಿನಲ್ಲಿ ಒಂದೇ ಮಿತಿಯೊಳಗೆ ಇರಬೇಕೆಂಬ ನಿಯಮವುಂಟು. ವ್ಯತ್ಯಾಸವನ್ನು ಮುಖ್ಯವಾಗಿ ಘರ್ಷಣೆಯನ್ನು ತಗ್ಗಿಸಲು ಬೆರೆಸುವ ದ್ರವ್ಯಗಳಲ್ಲಿ ಹುಡುಕಬೇಕು. ಇಂದು ಕೆಲವು ಎಂಜಿನ್ನುಗಳಿಗೆ ಕಾರ್ಖಾನೆಯಲ್ಲೇ ಸಂಶ್ಲೇಷಿತ ತೈಲವನ್ನು ತುಂಬುತ್ತಾರೆ. ಆದುದರಿಂದ ಹಳೆಯ ವಾದವು ಎಲ್ಲ ಎಂಜಿನ್ನುಗಳಿಗೂ ಅನ್ವಯಿಸುವ ನಿಯಮವಲ್ಲ. ತಯಾರಕರ ಕೈಪಿಡಿಯೇ ಪ್ರಮಾಣ.

ಖನಿಜ ತೈಲದ ಪರವಾಗಿ ಸರಳವಾದ ಕಾರಣವೊಂದಿದೆ. ಸವೆದ ಲೋಹದ ಕಣಗಳು ಮೊದಲ ಎಣ್ಣೆಯಲ್ಲಿ ಸೇರುವುದರಿಂದ ಅದನ್ನು ಬೇಗನೆ, ಅನೇಕ ಟ್ರ್ಯಾಕ್ಟರುಗಳಲ್ಲಿ 50 ಗಂಟೆಗಳ ಕೆಲಸದ ತರುವಾಯ, ಸೋಸುಕದೊಡನೆ ಬದಲಾಯಿಸಬೇಕು. ಇಷ್ಟು ಬೇಗ ಚೆಲ್ಲುವ ಎಣ್ಣೆಗೆ ಹೆಚ್ಚು ಹಣವೇಕೆ? ಎಣ್ಣೆ ಯಾವುದೇ ಆಗಲಿ, ಎಂಜಿನ್ನಿನ ದೀರ್ಘಾಯುಸ್ಸಿಗೆ ಬುನಾದಿ ಹಾಕುವುದು ಮೊದಲ ಕೆಲವು ಹತ್ತು ಗಂಟೆಗಳ ಹದವಾದ ದುಡಿಮೆ.