ಎಂಟನೆಯ ಗಣ

ತ್ರಿಪದಿಯ ನಡಿಗೆ ಅಚ್ಚಿನ ಪುಟದಲ್ಲಿ ಪೂರ್ತಿ ಸಿಗುವುದಿಲ್ಲ. ಅಥಣಿ, ಕಾಗವಾಡ ಸೀಮೆಯ ಹಳ್ಳಿಗಳಲ್ಲಿ ಬೀಸುವಕಲ್ಲಿನ ಹಾಡು ಕೇಳುತ್ತ ನಾನು ಕಲಿತದ್ದು ಇದನ್ನು. ಛಂದಸ್ಸಿನ ಪುಸ್ತಕದ ಲೆಕ್ಕ ಸರಿಯೇ: ಮೂರು ಸಾಲು, 11 ಗಣ, 6 ಮತ್ತು 10ನೆಯವು ಬ್ರಹ್ಮಗಣ, ಉಳಿದವು ವಿಷ್ಣುಗಣ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ಕಾಲಕ್ಕೇ, ಅಂದರೆ ಸುಮಾರು ಕ್ರಿ.ಶ. 700ಕ್ಕೇ, ತ್ರಿಪದಿ ಕಲ್ಲಿನ ಮೇಲೆ ಮೂಡಿತ್ತು. ಆದರೆ ಹಾಡುವ ಬಾಯಲ್ಲಿ ಈ ಮೂರು ಸಾಲು ನಾಲ್ಕಾಗುತ್ತವೆ.

ಹಾಡುವಾಕೆ ಮೊದಲ ಸಾಲು ಮುಗಿಸಿ, ಎರಡನೆಯದರಲ್ಲಿ ಮೂರೇ ಗಣ ಹೇಳಿ ನಿಲ್ಲುತ್ತಾಳೆ. ಮತ್ತೆ ಅದನ್ನೇ ಎತ್ತಿಕೊಂಡು, ತಡೆದಿಟ್ಟಿದ್ದ ಎಂಟನೆಯ ಗಣವನ್ನು ಸೇರಿಸಿ, ಅಲ್ಲಿಂದ ಮೂರನೆಯ ಸಾಲಿಗೆ ಇಳಿಯುತ್ತಾಳೆ. ಎಷ್ಟೋ ಪದಗಳಲ್ಲಿ ಆ ಗಣವೇ ಒಂದು ಕರೆ: ಹಡೆದವ್ವ, ತಮ್ಮ, ಕಂದ, ಇಲ್ಲವೇ ಊರ ದೇವರು. ಮೊದಲ ಸಲ ಯಾರಿಗೆಂದು ತಿಳಿಯದೆ ಹೋದ ಮಾತು ಎರಡನೆಯ ಸಲ ತನ್ನವರನ್ನು ಕಂಡುಕೊಳ್ಳುತ್ತದೆ. ಈ ಮರುಕಳಿಕೆಯನ್ನು ಬಿಟ್ಟು ಓದಿದರೆ ಪದ್ಯದ ಅರ್ಧ ಬೆಡಗು ಹೋಯಿತೆಂದೇ ನನ್ನ ಎಣಿಕೆ.

ಇದರಲ್ಲಿ ದುಡಿಮೆಯ ಅನುಕೂಲವೂ ಉಂಟು. ಇಬ್ಬರು ಎದುರುಬದುರು ಕೂತು ಬೀಸುವಾಗ ಒಬ್ಬಳು ಎತ್ತಿದ್ದನ್ನು ಇನ್ನೊಬ್ಬಳು ಹಿಡಿಯುತ್ತಾಳೆ. ಸಾಲು ಮರಳುವಷ್ಟರಲ್ಲಿ ಮುಂದಿನದು ನೆನಪಿಗೆ ಬಂದಿರುತ್ತದೆ. ಬರಹದಲ್ಲಿ ಒಂದು ಗಣ ನಾಲ್ಕು ಮಾತ್ರೆ, ಇನ್ನೊಂದು ಐದು ಎಂದು ಕಂಡರೂ ಹಾಡಿನ ಎಳೆತದಲ್ಲಿ ಎರಡೂ ಸಮ. ಅಂಶಗಣ ನನ್ನ ಕಿವಿಗೆ ಹತ್ತಿದ್ದು ಹೀಗೆ. ಹಾಡದೆ ಬರೇ ಹೇಳಿರೆಂದು ಕೇಳಿದ್ದಕ್ಕೆ ಒಬ್ಬ ಅಜ್ಜಿ, “ಬರೇ ಹೇಳಂದ್ರ ಹೆಂಗ ನೆಪ್ಪ ಆಕ್ಕೈತ್ರೀ ಸರ? ಕಲ್ಲ ತಿರಗಬೇಕ್ರಿ” ಅಂದರು.

ನಿಪ್ಪಾಣಿ, ಚಿಕ್ಕೋಡಿ ಕಡೆ ಬೀಸುವಾಗ ಮರಾಠಿಯ ಓವಿಯೂ ಕೇಳಿಬರುತ್ತದೆ. ಓವಿ ಸಾಲಿನ ಕೊನೆಯಲ್ಲಿ ಪ್ರಾಸ ಕೂಡಿಸುತ್ತದೆ. ತ್ರಿಪದಿಯ ಹಳೆಯ ಕಟ್ಟಿನಲ್ಲಿ ಪ್ರಾಸದ ಜಾಗ ಸಾಲಿನ ಎರಡನೆಯ ಅಕ್ಷರ. ಕಲ್ಲಿನ ಗತಿ ಎರಡಕ್ಕೂ ಹೊಂದುತ್ತದೆ.

ಅಥಣಿಯ ಮೂಡಲಿಗೆ, ವಿಜಯಪುರ ಜಿಲ್ಲೆಯ ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ತಂದು ಈ ಸಂಪತ್ತನ್ನು ಉಳಿಸಿಕೊಟ್ಟರು. ಈಗ ಊರೂರಿಗೆ ಹಿಟ್ಟಿನ ಗಿರಣಿ ಇದೆ. ಪದ ಬಲ್ಲವರೆಲ್ಲ ಮುಪ್ಪಿನವರು. ಬರೆದುಕೊಳ್ಳುವುದರ ಜೊತೆಗೆ ಮೊಬೈಲಿನಲ್ಲಿ ದನಿಯನ್ನೂ ಹಿಡಿಯುತ್ತೇನೆ. ಸಾಲು ಎಲ್ಲಿ ನಿಂತಿತೋ ಅಲ್ಲೊಂದು ಅಡ್ಡಗೆರೆ, ಎಲ್ಲಿಂದ ಮರಳಿತೋ ಅಲ್ಲೊಂದು ಬಾಣ. ವಿದ್ಯಾರ್ಥಿಗಳಿಗೂ ಹಾಗೆಯೇ ಗುರುತು ಹಾಕಿಸುತ್ತೇನೆ, ಪ್ರಸ್ತಾರ ಆಮೇಲೆ.