ತೊರೆಯ ಟ್ರೌಟ್ ಮರಿಗಳೂ ದಂಡೆಯ ಬೇಸಾಯವೂ

ಕಾಶ್ಮೀರದ ಲಿಡ್ಡರ್, ಸಿಂಧ್, ಬ್ರಿಂಗಿ ಮೊದಲಾದ ಹಿಮಜಲದ ತೊರೆಗಳಲ್ಲಿ ನೆಲೆನಿಂತಿರುವ ಕಂದು ಟ್ರೌಟ್ ಮೀನು 1900ರ ಸುಮಾರಿಗೆ ಬ್ರಿಟನ್ನಿನಿಂದ ಮೊಟ್ಟೆಯ ರೂಪದಲ್ಲಿ ಬಂದುದಾದರೂ, ಅದರ ಮರಿಗಳ ಅಳಿವು ಉಳಿವುಗಳು ಈಗ ಬಹುಮಟ್ಟಿಗೆ ದಂಡೆಯಲ್ಲಿ ಭತ್ತವನ್ನೂ ಸೇಬನ್ನೂ ಬೆಳೆಯುವ ರೈತರ ಕೈಯಲ್ಲಿವೆ.

ಚಳಿ ಬಲಿಯುವ ವೇಳೆಗೆ ಹೆಣ್ಣುಮೀನು ಬಾಲದಿಂದ ಜಲ್ಲಿಯನ್ನು ಬಡಿದು ಬಡಿದು ಕುಳಿ ತೋಡಿ, ಬಟಾಣಿಗಿಂತ ಕಿರಿದಾದ ಮೊಟ್ಟೆಗಳನ್ನಿಟ್ಟು, ಮತ್ತೆ ಜಲ್ಲಿಯಿಂದಲೇ ಮುಚ್ಚಿಬಿಡುತ್ತದೆ. ನೀರಿನ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಇದ್ದಲ್ಲಿ ಸುಮಾರು 40 ದಿನಗಳಿಗೆ ಒಡೆಯುವ ಮೊಟ್ಟೆ, 5 ಡಿಗ್ರಿಗಿಳಿದಾಗ ಅದರ ಇಮ್ಮಡಿಗೂ ಮಿಕ್ಕ ಕಾಲವನ್ನು ತೆಗೆದುಕೊಳ್ಳುತ್ತದೆ; ಒಡೆದ ಮೇಲೂ ಮರಿಯು ಹೊಟ್ಟೆಗಂಟಿದ ಹಳದಿ ಚೀಲದ ಆಹಾರವನ್ನು ಹೀರುತ್ತ ಕೆಲವು ವಾರ ಆ ಕತ್ತಲೆಯಲ್ಲಿಯೇ ಅಡಗಿರುತ್ತದೆ. ಈ ದೀರ್ಘವಾಸದಲ್ಲಿ ಅದರ ಪ್ರಾಣಾಧಾರವೆಲ್ಲ ಕಲ್ಲುಗಳ ಸಂದಿನಲ್ಲಿ ಹರಿದು ಬರುವ ನೀರಿನ ಆಮ್ಲಜನಕ. ಇಳಿಜಾರಿನ ಹೊಲದಿಂದಲೋ, ಕಾಡು ಕಡಿದ ಗುಡ್ಡದಿಂದಲೋ, ಮರಳು ತೆಗೆದು ಕಲಕಿದ ಪಾತ್ರದಿಂದಲೋ ಬಂದ ನುಣ್ಣನೆಯ ಹೂಳು ಆ ಸಂದುಗಳನ್ನು ತುಂಬಿತೆಂದರೆ, ಮೇಲೆ ನೀರು ಎಷ್ಟೇ ತಿಳಿಯಾಗಿ ಹರಿಯುತ್ತಿದ್ದರೂ ಕೆಳಗೆ ಮೊಟ್ಟೆ ಉಸಿರುಕಟ್ಟಿ ಸಾಯುತ್ತದೆ. ಬದುಕಿದ ಮರಿಗೂ ಹೊರಬರುವ ದಾರಿ ಮುಚ್ಚಿಹೋಗುತ್ತದೆ. ಕಣ್ಣಿಗೆ ಬೀಳದ ಹಾನಿಯಾದುದರಿಂದಲೇ ಇದಕ್ಕೆ ಹೆಚ್ಚು ಅಂಜಬೇಕೆಂದು ನನ್ನ ಅಭಿಪ್ರಾಯ.

ವಸಂತದಲ್ಲಿ ಹೊರಬಿದ್ದ ಅಂಗುಲದುದ್ದದ ಮರಿ ಕಲ್ಲೊಂದರ ಮರೆಯಲ್ಲಿ ಹರಿವಿಗೆ ಮುಖಮಾಡಿ ನಿಂತು, ತೇಲಿಬರುವ ಹುಳುಗಳನ್ನು ಹಿಡಿಯುತ್ತ, ಪಕ್ಕಕ್ಕೆ ಬಂದ ಮರಿಗಳನ್ನು ಅಟ್ಟುತ್ತದೆ. ಠಾವು ದೊರೆಯದವು ಕೆಳಕ್ಕೆ ತೇಲಿ ಹಸಿದು ಸಾಯುತ್ತವೆ. ತೊರೆಯ ಮೀನಿನ ಸಂಖ್ಯೆಯನ್ನು ಬಹುತೇಕ ಈ ಮೊದಲ ವಾರಗಳೇ ನಿರ್ಣಯಿಸುತ್ತವೆಂಬುದನ್ನು ಇಂಗ್ಲೆಂಡಿನ ಬ್ಲ್ಯಾಕ್ ಬ್ರೌಸ್ ಬೆಕ್ ಎಂಬ ಚಿಕ್ಕ ತೊರೆಯಲ್ಲಿ ಜೆ. ಎಂ. ಎಲಿಯಟ್ ಅವರು ದಶಕಗಳ ಅಧ್ಯಯನದಿಂದ ತೋರಿಸಿಕೊಟ್ಟಿದ್ದಾರೆ. ಕಲ್ಲನ್ನೆಲ್ಲ ಎತ್ತಿ ಸಾಗಿಸಿದ ತೊರೆಗೆ ಎಷ್ಟು ಮರಿಗಳನ್ನು ತಂದು ಬಿಟ್ಟರೇನು, ನಿಲ್ಲುವ ಎಡೆಯೇ ಇಲ್ಲದಿರುವಾಗ? ಹಿಮ ಕರಗಿ ಬರುವ ನೆರೆಯನ್ನು ತಡೆಯುವುದು ನಮ್ಮಿಂದಾಗದು. ಆದರೆ ಅಂಥ ದಿನಗಳಲ್ಲಿ ಕೊಚ್ಚಿಹೋಗದಂತೆ ಮರಿಗೆ ಆಶ್ರಯವೀಯುವ ಬಂಡೆ, ಬೇರು, ಮಡುವುಗಳನ್ನು ಉಳಿಸಬಹುದು.

ಬೇಸಗೆಯ ಕಷ್ಟ ಬೇರೆ. 12ರಿಂದ 14 ಡಿಗ್ರಿಯ ನೀರಿನಲ್ಲಿ ಚೆನ್ನಾಗಿ ಬೆಳೆಯುವ ಮರಿ 20 ಡಿಗ್ರಿಯ ಸುಮಾರಿಗೆ ಮೇವನ್ನು ಬಿಡುತ್ತದೆ, 25 ಡಿಗ್ರಿಯ ಆಸುಪಾಸಿನಲ್ಲಿ ಬದುಕುವುದೇ ದುಸ್ತರ. ದಂಡೆಯ ವಿಲೋ ಮರಗಳ ಸಾಲನ್ನು ಕಡಿಯದಿದ್ದರೆ ನೆರಳೂ ಉಳಿಯುತ್ತದೆ, ಹೂಳಿಗೂ ತಡೆಯಾಗುತ್ತದೆ. ಮೊಟ್ಟೆಯಿಟ್ಟ ಜಲ್ಲಿಯ ಮೇಲೆ ಚಳಿಗಾಲವೆಲ್ಲ ದನಗಳನ್ನು ದಾಟಿಸಬಾರದು. ಗದ್ದೆಗೆ ನೀರು ತಿರುಗಿಸುವಾಗ ತೊರೆಯನ್ನು ಪೂರ್ತಿ ಬತ್ತಿಸದೆ, ಕಾಲುವೆಯ ಬಾಯಿಗೆ ಸಣ್ಣ ಕಣ್ಣಿನ ಜಾಲರಿಯನ್ನು ಕಟ್ಟಿ, ಅದರಲ್ಲಿ ಸಿಕ್ಕಿದ ಎಲೆ ಕಸವನ್ನು ದಿನವೂ ತೆಗೆಯತಕ್ಕದ್ದು. ಇಲ್ಲವಾದರೆ ಮರಿಗಳು ಗದ್ದೆಗೆ ಹರಿದು ಅಲ್ಲಿಯೇ ಒಣಗಿಹೋಗುತ್ತವೆ.