ನರವಿಜ್ಞಾನದ ವ್ಯಾಸಂಗ: ಕೇಂಬ್ರಿಡ್ಜಿನ ಒಂದು ಉದಾಹರಣೆ

ನರವಿಜ್ಞಾನವು ಪ್ರತ್ಯೇಕ ವ್ಯಾಸಂಗದ ವಿಷಯವಾದುದು ಈಚೆಗೆ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ವೈದ್ಯಕೀಯ ಶಾಲೆಯಲ್ಲಿ ಸ್ಟೀಫನ್ ಕಫ್ಲರ್ ಅವರು ನರಜೀವವಿಜ್ಞಾನಕ್ಕೆಂದೇ ಒಂದು ವಿಭಾಗವನ್ನು ಕಟ್ಟಿದುದು 1966ರಲ್ಲಿ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನರವಿಜ್ಞಾನ ಕೇಂದ್ರ ಆರಂಭವಾದುದು 2009ರಲ್ಲಿ. ಅದಕ್ಕೂ ಹಿಂದೆ ನರಗಳನ್ನು ಕುರಿತು ಕಲಿಯಬೇಕೆಂಬವರು ಅಂಗಕ್ರಿಯಾಶಾಸ್ತ್ರವನ್ನೋ ಪ್ರಾಣಿಶಾಸ್ತ್ರವನ್ನೋ ಮನಶ್ಶಾಸ್ತ್ರವನ್ನೋ ಹಿಡಿದು ಬರಬೇಕಾಗಿತ್ತು. ಮನಶ್ಶಾಸ್ತ್ರದ ತರಗತಿಯಲ್ಲಿ ನಾವು ನರಾವೇಗದ ಪಾಠವನ್ನು ಒಂದೆರಡು ಪುಟಗಳಲ್ಲಿ ಓದಿ, ಅದರ ರೇಖಾಚಿತ್ರವನ್ನು ಪರೀಕ್ಷೆಗೆ ಬರೆದು ಮುಗಿಸುತ್ತೇವೆ. ಆ ರೇಖೆಯು ಸೊನ್ನೆಯನ್ನು ದಾಟಿ ಮೇಲಕ್ಕೇಕೆ ಹೋಗುತ್ತದೆಂದು ಕೇಳುವವರು ವಿರಳ. ಆ ಪ್ರಶ್ನೆ ಹುಟ್ಟಿದುದು ಇಬ್ಬರು ತರುಣರ ಕೈಯಲ್ಲಿ. ಅದರ ಉತ್ತರ ಪೂರ್ಣವಾಗಲು ಹದಿಮೂರು ವರ್ಷಗಳು ಬೇಕಾದವು.

ಆಲನ್ ಹಾಜ್ಕಿನ್ ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿನಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಕಪ್ಪೆಯ ನರದ ಮೇಲೆ ಪ್ರಯೋಗಗಳನ್ನು ಆರಂಭಿಸಿದರು. ನರದ ಒಂದು ಕಡೆಯನ್ನು ತಣ್ಣಗೆ ಮಾಡಿದರೆ ಆವೇಗವು ಅಲ್ಲಿಯೇ ನಿಲ್ಲುತ್ತದೆ. ಆದರೆ ತಡೆಯ ಆಚೆಗೆ ಕೆಲವು ಮಿಲಿಮೀಟರುಗಳವರೆಗೆ ನರವು ಇನ್ನೂ ಸುಲಭವಾಗಿ ಕೆರಳುವಂತಾಗಿರುವುದನ್ನು ಅವರು ಕಂಡರು. ಎಂದರೆ, ಆವೇಗಕ್ಕಿಂತ ಮುಂದಾಗಿ ವಿದ್ಯುತ್ತು ಹರಿದುಹೋಗಿ ಮುಂದಿನ ಭಾಗವನ್ನು ಎಚ್ಚರಿಸುತ್ತದೆ. 1937ರಲ್ಲಿ ಇದು ಪ್ರಕಟವಾಯಿತು.

ಆಗ ಪ್ರಚಲಿತವಾಗಿದ್ದ ಸಿದ್ಧಾಂತ ಜರ್ಮನಿಯ ಬರ್ನ್‌ಸ್ಟೈನ್ 1902ರಲ್ಲಿ ಹೇಳಿದ್ದು. ವಿಶ್ರಾಂತಿಯಲ್ಲಿರುವ ನರತಂತುವಿನ ಒಳಭಾಗವು ಹೊರಭಾಗಕ್ಕಿಂತ ಋಣವಾಗಿರುತ್ತದೆ. ಪೊರೆಯು ಪೊಟ್ಯಾಸಿಯಂ ಅಯಾನುಗಳನ್ನು ಮಾತ್ರ ಬಿಡುವುದೇ ಇದಕ್ಕೆ ಕಾರಣ. ಆವೇಗ ಬಂದಾಗ ಪೊರೆಯು ಎಲ್ಲ ಅಯಾನುಗಳಿಗೂ ಬಾಗಿಲು ತೆರೆಯುತ್ತದೆ, ಆದುದರಿಂದ ವ್ಯತ್ಯಾಸವು ಅಳಿದು ಸೊನ್ನೆಯಾಗುತ್ತದೆ ಎಂದು ಆತನ ವಾದ. ಒಪ್ಪವಾದ ವಾದವೇ ಸರಿ. ಆದರೆ ತಂತುವಿನ ಒಳಗೆ ಹೋಗಿ ಅಳೆದವರಾರೂ ಇರಲಿಲ್ಲ.

ಅಳೆಯಲು ನೆರವಾದುದು ಸ್ಕ್ವಿಡ್, ನಮ್ಮ ಕರಾವಳಿಯವರು ಬೊಂಡಾಸವೆಂದು ಕರೆಯುವ ಸಮುದ್ರಜೀವಿ. ಅದರ ಮೈಯಲ್ಲಿ ಸುಮಾರು ಅರ್ಧ ಮಿಲಿಮೀಟರು ದಪ್ಪದ ನರತಂತುವಿದೆಯೆಂದು ಜೆ. ಜೆಡ್. ಯಂಗ್ 1936ರಲ್ಲಿ ತೋರಿಸಿದ್ದರು. 1939ರ ಬೇಸಗೆಯಲ್ಲಿ ಹಾಜ್ಕಿನ್ ಪ್ಲಿಮತ್ತಿನ ಸಮುದ್ರಜೀವಿ ಪ್ರಯೋಗಾಲಯಕ್ಕೆ ಹೋದಾಗ ಆಂಡ್ರೂ ಹಕ್ಸ್‌ಲೀ ಎಂಬ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿಯನ್ನು ಕರೆದುಕೊಂಡರು. ಈತ ಎಂಜಿನಿಯರಾಗಬೇಕೆಂದು ಕೇಂಬ್ರಿಡ್ಜ್ ಸೇರಿ, ಐಚ್ಛಿಕವಾಗಿ ತೆಗೆದುಕೊಂಡ ಅಂಗಕ್ರಿಯಾಶಾಸ್ತ್ರಕ್ಕೇ ಒಲಿದವರು.

ಇಲ್ಲಿಯ ಒಂದು ಸಂಗತಿ ನನಗೆ ಬಹಳ ಸ್ವಾರಸ್ಯವಾಗಿ ಕಂಡಿದೆ. ಅವರು ಮೊದಲು ಅಳೆಯಹೊರಟದ್ದು ವಿದ್ಯುತ್ತನ್ನಲ್ಲ. ತಂತುವಿನೊಳಗಿನ ದ್ರವವು ಎಷ್ಟು ಗಟ್ಟಿಯೆಂದು ತಿಳಿಯಲು, ತಂತುವನ್ನು ನೆಟ್ಟಗೆ ತೂಗಹಾಕಿ ಪಾದರಸದ ಹನಿಗಳನ್ನು ಒಳಗೆ ಬಿಟ್ಟರು. ಹನಿಗಳು ಇಳಿಯಲೇ ಇಲ್ಲ. ಒಳಗಿದ್ದುದು ದ್ರವವಲ್ಲ, ಲೋಳೆಯಂಥ ಪದಾರ್ಥ. ಪ್ರಯೋಗ ಕೆಟ್ಟಿತು. ಆದರೆ ತೂಗಾಡುತ್ತಿದ್ದ ತಂತುವಿನೊಳಕ್ಕೆ ವಿದ್ಯುದಗ್ರವನ್ನೇ ಇಳಿಸಬಹುದಲ್ಲವೆಂದು ಹಕ್ಸ್‌ಲೀಗೆ ತೋಚಿತು. ಸಮುದ್ರದ ನೀರು ತುಂಬಿದ, 0.1 ಮಿಲಿಮೀಟರು ದಪ್ಪದ ಗಾಜಿನ ಕೊಳವೆಯನ್ನು ಪೊರೆಯ ಗೋಡೆಗೆ ತಗುಲದಂತೆ ಇಳಿಸಿದರು. ಆವೇಗ ಹಾದುಹೋದಾಗ ವಿಭವವು ಸೊನ್ನೆಯಲ್ಲಿ ನಿಲ್ಲಲಿಲ್ಲ. ಅದನ್ನು ದಾಟಿ ಸುಮಾರು 40 ಮಿಲಿವೋಲ್ಟ್ ಧನಕ್ಕೇರಿತು. ಬರ್ನ್‌ಸ್ಟೈನನ ಲೆಕ್ಕದಲ್ಲಿ ಇದಕ್ಕೆ ಎಡೆಯೇ ಇರಲಿಲ್ಲ.

ಸೆಪ್ಟೆಂಬರಿನಲ್ಲಿ ಯುದ್ಧ ಬಂದಿತು. ಫಲಿತಾಂಶವನ್ನು ಒಂದು ಚಿಕ್ಕ ಪತ್ರವಾಗಿ ಅಕ್ಟೋಬರಿನ ‘ನೇಚರ್’ನಲ್ಲಿ ಪ್ರಕಟಿಸಿ, ಒಬ್ಬರು ವಿಮಾನದ ರೇಡಾರಿಗೆ, ಮತ್ತೊಬ್ಬರು ಫಿರಂಗಿಗಳ ಗುರಿಯ ಲೆಕ್ಕಕ್ಕೆ ಹೋದರು. 1945ರಲ್ಲಿ ಕೊಟ್ಟ ವಿವರಣೆಗಳಲ್ಲಿ ಯಾವುದೂ ನಿಲ್ಲಲಿಲ್ಲ. ಅನಂತರ ಹಾಜ್ಕಿನ್, ನಾಜಿಗಳ ಕಾಟಕ್ಕೆ ಜರ್ಮನಿ ಬಿಟ್ಟುಬಂದಿದ್ದ ಬರ್ನಾರ್ಡ್ ಕಾಟ್ಜ್ ಅವರೊಡನೆ ಸೇರಿ, ತಂತುವಿನ ಸುತ್ತಲ ನೀರಿನಲ್ಲಿ ಸೋಡಿಯಮ್ಮನ್ನು ಕಡಿಮೆಮಾಡಿ ನೋಡಿದರು. ಸೋಡಿಯಂ ಕಡಿಮೆಯಾದಂತೆಲ್ಲ ಆವೇಗದ ಎತ್ತರವೂ ತಗ್ಗಿತು. ಬಾಗಿಲು ತೆರೆಯುವುದು ಎಲ್ಲ ಅಯಾನುಗಳಿಗಲ್ಲ. ಮೊದಲು ಸೋಡಿಯಂ ಒಳಕ್ಕೆ, ಹಿಂದೆಯೇ ಪೊಟ್ಯಾಸಿಯಂ ಹೊರಕ್ಕೆ. ಸೋಡಿಯಂ ಒಳನುಗ್ಗುವುದರಿಂದಲೇ ರೇಖೆ ಸೊನ್ನೆಯನ್ನು ದಾಟುವುದು.

ಇನ್ನು ಉಳಿದುದು ಲೆಕ್ಕ. ಪೊರೆಯ ವಿಭವವನ್ನು ಬೇಕಾದಲ್ಲಿ ಹಿಡಿದು ನಿಲ್ಲಿಸಿ ಎರಡು ಪ್ರವಾಹಗಳನ್ನು ಬೇರೆಬೇರೆಯಾಗಿ ಅಳೆದು, ಹಾಜ್ಕಿನ್ ಮತ್ತು ಹಕ್ಸ್‌ಲೀ ಸಮೀಕರಣಗಳನ್ನು ಬರೆದರು. ವಿಶ್ವವಿದ್ಯಾನಿಲಯದ ಗಣಕಯಂತ್ರವು ಆಗ ದುರಸ್ತಿಯಲ್ಲಿದ್ದುದರಿಂದ ಹಕ್ಸ್‌ಲೀ, ಕೈಯಿಂದ ಹಿಡಿ ತಿರುಗಿಸುವ ಬ್ರನ್ಸ್‌ವಿಗಾ ಯಂತ್ರದ ಮುಂದೆ ಕುಳಿತು ವಾರಗಟ್ಟಲೆ ಅವನ್ನು ಬಿಡಿಸಿದರು. ಆವೇಗದ ವೇಗ ಸೆಕೆಂಡಿಗೆ 18.8 ಮೀಟರೆಂದು ಲೆಕ್ಕ ಬಂದಿತು. ನಿಜವಾದ ತಂತುವಿನಲ್ಲಿ ಅಳೆದಾಗ ಸಿಕ್ಕಿದ್ದು 21.2. ಕಾಗದದ ಮೇಲಿನ ನರವು ಇಷ್ಟು ಹತ್ತಿರ ಬಂದುದು ಸಾಮಾನ್ಯವಲ್ಲ. 1952ರಲ್ಲಿ ಐದು ಪ್ರಬಂಧಗಳಾಗಿ ಇದು ಹೊರಬಿದ್ದಿತು. 1963ರಲ್ಲಿ ಜಾನ್ ಎಕ್ಲ್ಸ್ ಅವರೊಡನೆ ಇವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಪೊರೆಯ ಬಾಗಿಲುಗಳನ್ನು ಮಾತ್ರ ಅವರು ಕಂಡಿರಲಿಲ್ಲ, ಊಹಿಸಿದ್ದರು. ಒಂದೇ ಒಂದು ಬಾಗಿಲಿನ ಮೂಲಕ ಹರಿಯುವ ವಿದ್ಯುತ್ತನ್ನು ಎರ್ವಿನ್ ನೇಹರ್ ಮತ್ತು ಬರ್ಟ್ ಸಾಕ್‌ಮನ್ 1976ರಲ್ಲಿ ಅಳೆದು ತೋರಿಸಿದರು, ಅದೂ ಕಪ್ಪೆಯ ಸ್ನಾಯುವಿನಲ್ಲಿ.